ಒಬ್ಬ ನಾಯಕ, ಹಲವು ನಾಯಕಿಯರು: ಹ್ಯಾರೆಮ್ ಅನಿಮೆಯ ಆಕರ್ಷಣೆ

ಒಬ್ಬ ನಾಯಕ, ಅವನನ್ನು ಮೆಚ್ಚುವ ಹಲವು ನಾಯಕಿಯರು. ಈ ಚೌಕಟ್ಟಿನ ಪ್ರಣಯ ಕಥನಗಳನ್ನು ಜಪಾನಿ ಅನಿಮೇಷನ್ ಲೋಕದಲ್ಲಿ ‘ಹ್ಯಾರೆಮ್’ ಎಂದು ಕರೆಯಲಾಗುತ್ತದೆ. ಪದದ ಅರ್ಥ ಅಂತಃಪುರ. ಹೆಸರು ಕೇಳಿಯೇ ಮೂಗು ಮುರಿಯುವವರುಂಟು. ಆದರೆ ಈ ಪ್ರಕಾರದ ಜನಪ್ರಿಯ ಕೃತಿಗಳ ನಾಯಕ ಅರಸನಲ್ಲ. ಬಹುಪಾಲು ಸಾಮಾನ್ಯ ವಿದ್ಯಾರ್ಥಿ.

ಕನ್ನಡಕ್ಕೆ ಹೊಸದಲ್ಲ

ಉತ್ತರ ಕರ್ನಾಟಕದ ಸಣ್ಣಾಟ ‘ಶ್ರೀಕೃಷ್ಣ ಪಾರಿಜಾತ’ವನ್ನು ಬಲ್ಲವರಿಗೆ ಈ ರಸ ಅಪರಿಚಿತವಲ್ಲ. ಅಪರಾಳ ತಮ್ಮಣ್ಣ ರಚಿಸಿದ, ಕುಲಗೋಡ ತಮ್ಮಣ್ಣ ರಂಗಕ್ಕೆ ಅಳವಡಿಸಿದ, ಕೌಜಲಗಿ ನಿಂಗಮ್ಮ ಮನೆಮಾತಾಗಿಸಿದ ಆಟವಿದು. ನಾರದ ತಂದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಜಗದೊಡೆಯನೂ ಮಡದಿಯ ಮುನಿಸಿಗೆ ಮಣಿಯಬೇಕಾಗುವುದೇ ಇಲ್ಲಿನ ವಿನೋದ. ಅನಿಮೆಯ ಹಾಸ್ಯವೂ ಇದೇ ಜಾತಿಯದು. ವ್ಯತ್ಯಾಸವೆಂದರೆ ಪಾರಿಜಾತದಲ್ಲಿ ಮದುವೆ ಮುಗಿದಿದೆ. ಅನಿಮೆಯಲ್ಲಿ ಆಯ್ಕೆ ಇನ್ನೂ ಬಾಕಿಯಿದೆ.

ಸೋತ ನಾಯಕ

ಕೆನ್ ಅಕಾಮತ್ಸು ಅವರ ‘ಲವ್ ಹಿನಾ’ ಚಿತ್ರಕಥಾ ಸರಣಿ 1998ರಲ್ಲಿ ಆರಂಭವಾಗಿ 2000ದಲ್ಲಿ ಅನಿಮೆಯಾಯಿತು. ಇದರ ನಾಯಕ ಕೇತಾರೋ ಟೋಕಿಯೊ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣನಾದವನು. ಹೆಣ್ಣುಮಕ್ಕಳ ವಸತಿಗೃಹದ ಮೇಲ್ವಿಚಾರಕನಾಗುತ್ತಾನೆ. ಸಿಇಟಿ ಫಲಿತಾಂಶದ ದಿನಗಳ ಆತಂಕ ಕಂಡ ಮನೆಗಳಿಗೆ ಈ ಪಾತ್ರ ದೂರದ್ದೆನಿಸದು.

ಐವರು, ಐದು ಸ್ವಭಾವ

ನೇಗಿ ಹರುಬಾ ಅವರ ‘ದಿ ಕ್ವಿಂಟೆಸೆನ್ಶಿಯಲ್ ಕ್ವಿಂಟಪ್ಲೆಟ್ಸ್’ (2017–2020) 14 ಸಂಪುಟಗಳ ಕೃತಿ. ಇದರ ಅನಿಮೆ 2019ರಲ್ಲಿ, ಕಥೆಯನ್ನು ಮುಗಿಸುವ ಚಲನಚಿತ್ರ 2022ರಲ್ಲಿ ತೆರೆಕಂಡವು. ಸಾಲದ ಮನೆಯ ಜಾಣ ಹುಡುಗ ಫುತಾರೋ, ಒಂದೇ ಮುಖದ ಐವರು ಅವಳಿ ಸೋದರಿಯರಿಗೆ ಮನೆಪಾಠ ಹೇಳುತ್ತಾನೆ. ಮೊದಲ ಪರೀಕ್ಷೆಯಲ್ಲಿ ಐವರ ಅಂಕ ಕೂಡಿಸಿದರೂ ಬರುವುದು ನೂರೇ. ನಟಿಯಾಗಬಯಸುವ ಇಚಿಕಾ, ಮಾತು ಹರಿತವಾದ ನಿನೋ, ಇತಿಹಾಸಪ್ರಿಯೆ ಮಿಕು, ಲವಲವಿಕೆಯ ಯೊತ್ಸುಬಾ, ಊಟಪ್ರಿಯೆ ಇತ್ಸುಕಿ: ನೋಡುಗನಿಗೆ ಇವರಲ್ಲಿ ಒಬ್ಬಳಾದರೂ ಹತ್ತಿರದವಳೆನಿಸುತ್ತಾಳೆ. ಮದುವೆಯ ದೃಶ್ಯವನ್ನು ಮೊದಲೇ ತೋರಿಸಿ ವಧು ಯಾರೆಂಬುದನ್ನು ಮುಚ್ಚಿಡುವುದರಿಂದ ಕುತೂಹಲ ಕೊನೆಯವರೆಗೂ ಉಳಿಯುತ್ತದೆ.

ಸುಲಭ ಪ್ರವೇಶ

ಒಂದು ಕಂತು ಸುಮಾರು 24 ನಿಮಿಷ. ಕಥೆ ನಡೆಯುವುದು ತರಗತಿ, ಅಡುಗೆಮನೆ, ಶಾಲಾ ಪ್ರವಾಸಗಳಲ್ಲಿ. ಜಪಾನಿನ ಪುರಾಣ, ಯುದ್ಧೇತಿಹಾಸ ತಿಳಿಯದವರೂ ಇದನ್ನು ಅನುಸರಿಸಬಲ್ಲರು.

ಆಕ್ಷೇಪ

ನಾಯಕಿಯರ ದೇಹಪ್ರದರ್ಶನವನ್ನೇ ಹಾಸ್ಯವಾಗಿಸುವ ಕೃತಿಗಳು ಈ ಪ್ರಕಾರದಲ್ಲಿ ಸಾಕಷ್ಟಿವೆ. ‘ಲವ್ ಹಿನಾ’ ಕೂಡ ಇದಕ್ಕೆ ಹೊರತಲ್ಲ. ಮಕ್ಕಳೊಂದಿಗೆ ನೋಡುವ ಮುನ್ನ ವಯೋಮಿತಿ ಸೂಚನೆ ಗಮನಿಸುವುದು ಒಳಿತು.

ನಾಯಕ ಕೊನೆಗೆ ಆರಿಸುವುದು ಸಾಮಾನ್ಯವಾಗಿ ಒಬ್ಬಳನ್ನೇ. ಉಳಿದವರು ಏನಾದರು ಎಂಬ ಪ್ರಶ್ನೆಗೆ ಕಥೆ ಕೊಡುವ ಉತ್ತರದಲ್ಲಿ ಅದರ ಯೋಗ್ಯತೆ ತಿಳಿಯುತ್ತದೆ. ಆಯ್ಕೆಯಾಗದ ನಾಯಕಿಗೂ ತನ್ನದೇ ಆದ ಓದು, ವೃತ್ತಿ, ಬದುಕು ಇದೆಯೆಂದು ತೋರಿಸುವ ಕೃತಿಗಳು ನೋಡುಗರ ಮನದಲ್ಲಿ ಉಳಿಯುತ್ತವೆ.