ಇರುವೆಯ ಮುಖ ನೋಡಲು

ರಾಬರ್ಟ್ ಹುಕ್ 1665ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ 'ಮೈಕ್ರೋಗ್ರಾಫಿಯಾ' ಗ್ರಂಥದಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ಇರುವೆಯ ಚಿತ್ರವೊಂದಿದೆ. ಆ ಇರುವೆ ಅವನಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಕಾಲುಗಳನ್ನು ಅಂಟಿನಲ್ಲಿ ಸಿಕ್ಕಿಸಿದರೆ ಮೈ ತಿರುಚಿಕೊಳ್ಳುತ್ತಿತ್ತು. ಕೊಂದರೆ ರೂಪವೇ ಕೆಡುತ್ತಿತ್ತು. ಕೊನೆಗೆ ಹುಕ್ ಅದಕ್ಕೆ ಬ್ರಾಂದಿ ಕೊಟ್ಟ. ಇರುವೆ ಅಮಲೇರಿ ಬಿದ್ದುಕೊಂಡಿತು, ತಾಸು ಕಳೆದ ಮೇಲೆ ಎದ್ದು ಓಡಿತು. ಇರುವೆಗೆ ಹರಾಮು ಕುಡಿಸಿದ ಪಾಪ ಹುಕ್‌ನ ಲೆಕ್ಕದಲ್ಲೇ ಇರಲಿ, ಅದರ ಜೀವವಂತೂ ಉಳಿಯಿತು.

ಕ್ಯಾಮೆರಾ ಬಂದ ಮೇಲೆ ಕಷ್ಟ ಹೆಚ್ಚಿತು. ಲೆನ್ಸನ್ನು ಫಿಲ್ಮಿನಿಂದ ದೂರ ಸರಿಸಿದಷ್ಟೂ ಚಿತ್ರ ದೊಡ್ಡದಾಗುತ್ತದೆ, ಬೆಳಕು ಕುಗ್ಗುತ್ತದೆ. ಕೀಟದ ನಿಜಗಾತ್ರದಷ್ಟೇ ಚಿತ್ರ ಫಿಲ್ಮಿನ ಮೇಲೆ ಮೂಡುವ ಹೊತ್ತಿಗೆ ಬೆಳಕು ಕಾಲು ಪಾಲಿಗೆ ಇಳಿದಿರುತ್ತದೆ. ಕಣ್ಣು ಸ್ಪಷ್ಟವಾಗಿ ಬಂದರೆ ರೆಕ್ಕೆ ಮಸುಕು. ಎರಡೂ ಬರಲೆಂದು ಲೆನ್ಸಿನ ಕಿಂಡಿ ಕಿರಿದು ಮಾಡಿದರೆ ಬೆಳಕು ಮತ್ತೂ ಕಡಿಮೆ. ಅಷ್ಟು ಹೊತ್ತು ಯಾವ ಮಿಡತೆ ಕದಲದೆ ನಿಂತೀತು?

ಅಮೆರಿಕದ ಸಸ್ಯವಿಜ್ಞಾನಿ ಡೇವಿಡ್ ಫೇರ್‌ಚೈಲ್ಡ್ ಮತ್ತು ಅವರ ಪತ್ನಿ ಮೇರಿಯನ್, ವಾಷಿಂಗ್ಟನ್ ಸಮೀಪದ ಮೇರಿಲ್ಯಾಂಡಿನ ತಮ್ಮ ಮನೆಯ ಸುತ್ತಲಿನ ಹುಳುಹುಪ್ಪಟೆಗಳ ಫೋಟೋ ತೆಗೆಯಲು ಹಲವು ಅಡಿ ಉದ್ದದ ಕ್ಯಾಮೆರಾ ಬಳಸಿದರು. ಮೇರಿಯನ್ ಟೆಲಿಫೋನಿನ ಗ್ರಹಾಂ ಬೆಲ್ ಅವರ ಮಗಳು. 1914ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ ಆ ಚಿತ್ರಗಳನ್ನು 'ಬುಕ್ ಆಫ್ ಮಾನ್‌ಸ್ಟರ್ಸ್' ಎಂದು ಪ್ರಕಟಿಸಿತು. (ಸೊಸೈಟಿಯ ಪತ್ರಿಕೆಯ ಸಂಪಾದಕರು ಮೇರಿಯನ್ನರ ಭಾವ. ಬಂಧುಬಳಗ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ!) ಮಿಡತೆಯ, ಜೇಡದ ಮುಖಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ. ಆದರೆ ಅವು ಸತ್ತ ಮುಖಗಳು. ಕೀಟವನ್ನು ಕೊಂದು, ಮೇಣದ ಮೇಲೆ ನಿಲ್ಲಿಸಿ, ಬದುಕಿದೆಯೆಂಬಂತೆ ಆರು ಕಾಲುಗಳನ್ನೂ ಜೋಡಿಸಿ ತೆಗೆದವು. ಮೇಲಾಗಿ ಅವಕ್ಕೇ ರಾಕ್ಷಸರೆಂಬ ಹೆಸರು.

ಅಂದಿನ ಸಲಕರಣೆಗಳಲ್ಲಿ ಬೇರೆ ದಾರಿ ಕಷ್ಟವಿತ್ತು, ಒಪ್ಪೋಣ. ಆದರೂ ಇರುವೆ, ಜೇನ್ನೊಣಗಳನ್ನು ಕೊಲ್ಲಬಾರದೆಂಬ ಪ್ರವಾದಿವಚನ ಕೇಳಿ ಬೆಳೆದವರಿಗೆ ಆ ಪುಟಗಳನ್ನು ತಿರುವುವಾಗ ಕಸಿವಿಸಿಯಾಗುತ್ತದೆ. ಕುರ್‌ಆನಿನ 'ನಮ್ಲ್' ಸೂರಾದಲ್ಲಿ ಸೈನ್ಯ ಬರುವುದನ್ನು ಕಂಡ ಇರುವೆ, ಅರಿಯದೆ ತುಳಿದಾರು, ಗೂಡು ಸೇರಿಕೊಳ್ಳಿ ಎಂದು ತನ್ನವರನ್ನು ಎಚ್ಚರಿಸುತ್ತದೆ. ಅದನ್ನು ಕೇಳಿಸಿಕೊಂಡ ಪ್ರವಾದಿ ಸುಲೈಮಾನರು ಮುಗುಳ್ನಗುತ್ತಾರೆ.

1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಗರ್ಟನ್ ವಿದ್ಯುತ್ ಫ್ಲ್ಯಾಶನ್ನು ಪಳಗಿಸಿದ ಮೇಲೆ ಕೊಲ್ಲುವ ಅಗತ್ಯ ತಪ್ಪಿತು. ಇಂಗ್ಲೆಂಡಿನ ಸ್ಟೀಫನ್ ಡಾಲ್ಟನ್ 1970ರ ದಶಕದ ಆರಂಭದಲ್ಲಿ ಸೆಕೆಂಡಿನ 25,000ದಲ್ಲಿ ಒಂದು ಪಾಲು ಮಾತ್ರ ಬೆಳಗುವ ಫ್ಲ್ಯಾಶ್ ಬಳಸಿದರು. ಬೆಳಕಿನ ಕಿರಣವೊಂದನ್ನು ಅಡ್ಡಲಾಗಿ ಹಾಯಿಸಿಟ್ಟಿದ್ದರು. ಹಾರುತ್ತ ಅದನ್ನು ದಾಟಿದ ಕೀಟ ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತಿತ್ತು.

ಮೊಬೈಲಿನಲ್ಲೇ ಜೇಡದ ಕಣ್ಣು ತೆಗೆಯಬಹುದಾದ ಈ ಕಾಲದಲ್ಲೂ ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಫೋಟೋ ತೆಗೆಯುವವರಿದ್ದಾರೆ. ಚಳಿಗಾಲದಲ್ಲಿ ಫಜರ್ ನಮಾಝ್ ಮುಗಿಸಿ ಹಿತ್ತಲಿಗೆ ಹೋದರೆ ಸಾಕು. ರಾತ್ರಿಯ ತಂಪಿಗೆ ಜಡವಾದ ಚಿಟ್ಟೆ ಮೈತುಂಬ ಇಬ್ಬನಿ ಹೊತ್ತು ಹುಲ್ಲಿನೆಸಳಿಗೆ ಅಂಟಿಕೊಂಡಿರುತ್ತದೆ. ನೆರಳು ಬೀಳದಂತೆ ಮೆಲ್ಲಗೆ ಕುಳಿತು ಮೊದಲು ಕಣ್ಣಿಗೆ ಫೋಕಸ್ ಮಾಡಬೇಕು. ಬಿಸಿಲೇರುವ ತನಕ ಸಮಯವಿದೆ.