ನಟನ ಕಾಯಕ: ಏಣಗಿ ಬಾಳಪ್ಪನವರ ರಂಗಜೀವನ

ಮಳೆ ಕಡಮೆಯಾದ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗಳಲ್ಲಿ ಸುಗ್ಗಿಯು ಮುಗಿದ ಬಳಿಕ ಬಯಲಾಟವನ್ನೂ ಪೌರಾಣಿಕ ನಾಟಕವನ್ನೂ ಆಡಿಸುವ ವಾಡಿಕೆಯು ಬಹುಕಾಲದಿಂದ ಬಂದುದಾಗಿದೆ. ಹೊಲದಲ್ಲಿ ದುಡಿಯುವ ರೈತನು ಹಾರ್ಮೋನಿಯಂ ಮಾಸ್ತರರ ಮುಂದೆ ಕುಳಿತು ಪದಗಳನ್ನು ಕಲಿತು, ಒಂದು ರಾತ್ರಿಯ ಮಟ್ಟಿಗೆ ಅರ್ಜುನನೋ ಭೀಮನೋ ಆಗುವನು, ಊರೇ ತಲೆದೂಗುವುದು. ಆದರೆ ಅದೇ ಕಲೆಯನ್ನು ಜೀವನವೃತ್ತಿಯನ್ನಾಗಿ ಹಿಡಿದು ಕಂಪನಿಯನ್ನು ಸೇರಿದವನನ್ನು ಹಿಂದಿನ ಸಮಾಜವು ಹಾಗೆ ಕಾಣಲಿಲ್ಲ. ಅವನಿಗೆ ಹೆಣ್ಣು ಕೊಡಲೂ ಬಾಡಿಗೆಗೆ ಮನೆ ಕೊಡಲೂ ಜನರು ಹಿಂಜರಿಯುತ್ತಿದ್ದರು. ಈ ತಾತ್ಸಾರವು ಶರಣಮಾರ್ಗಕ್ಕೆ ಒಪ್ಪುವುದೇ ಎಂಬುದನ್ನು ಭಕ್ತರು ವಿಚಾರಿಸತಕ್ಕದ್ದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುರೂಪಿ ಚೌಡಯ್ಯನು ವೇಷ ಹಾಕಿ ಆಡುವವನು. ನಗೆಯ ಮಾರಿತಂದೆಯು ಜನರನ್ನು ನಗಿಸುವವನು. ಕಿನ್ನರಿ ಬ್ರಹ್ಮಯ್ಯನು ಕಿನ್ನರಿಯನ್ನು ನುಡಿಸುವವನು. ಇವರ ಕಾಯಕವನ್ನು ಶರಣರು ಕೀಳೆಂದು ಬಗೆಯಲಿಲ್ಲ. ಸತ್ಯಶುದ್ಧವಾಗಿ ನಡೆದರೆ ನೇಗಿಲಿಗೂ ಗೆಜ್ಜೆಗೂ ಭೇದವಿಲ್ಲವೆಂಬುದೇ ಅವರ ತತ್ತ್ವವು.

ಈ ಮಾತಿಗೆ ನಮ್ಮ ಕಾಲಕ್ಕೆ ಸಮೀಪವಾದ ನಿದರ್ಶನವನ್ನು ಅರಸಿದರೆ, ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರ ಚರಿತ್ರೆಯು ಕಣ್ಣಮುಂದೆ ನಿಲ್ಲುವುದು. ಅವರು 1914ರಲ್ಲಿ ಏಣಗಿ ಗ್ರಾಮದಲ್ಲಿ ಜನಿಸಿದರು. ಸ್ತ್ರೀಪಾತ್ರಗಳನ್ನು ಬಹುಮಟ್ಟಿಗೆ ಗಂಡಸರೇ ಧರಿಸುತ್ತಿದ್ದ ಆ ಕಾಲದಲ್ಲಿ, ಎಳೆಯ ಪ್ರಾಯದಲ್ಲಿಯೇ ರಂಗವನ್ನೇರಿ ಸ್ತ್ರೀಪಾತ್ರಗಳಿಂದ ಹೆಸರು ಪಡೆದರು. ಅಂದಿನ ನಟನು ಗಾಯಕನೂ ಆಗಿರಲೇಬೇಕಾಗಿತ್ತು. ಧ್ವನಿವರ್ಧಕವಿಲ್ಲದ ಗುಡಾರದಲ್ಲಿ, ಕಾಲುಪೆಟ್ಟಿಗೆಯ ಶ್ರುತಿಗೂ ತಬಲೆಯ ತಾಳಕ್ಕೂ ಹೊಂದಿಸಿ, ಕಟ್ಟಕಡೆಯ ಚಾಪೆಯವನಿಗೂ ಮುಟ್ಟುವಂತೆ ಹಾಡಬೇಕು. ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗಿದರೆ ಅದೇ ಪದವನ್ನು ಮತ್ತೆ ಹಾಡಬೇಕು. ಹೀಗೆ ರಾತ್ರಿಯೆಲ್ಲ ದುಡಿಯುವುದು ಸಣ್ಣ ತಪಸ್ಸಲ್ಲ.

ಮುಂದೆ ಬಾಳಪ್ಪನವರು ಕಲಾವೈಭವ ನಾಟ್ಯ ಸಂಘವನ್ನು ಕಟ್ಟಿ ಊರೂರು ಸಂಚರಿಸಿದರು. ಕಂಪನಿಯ ಒಡೆಯನ ಬಾಳು ಸುಖದ್ದಲ್ಲ: ಮಳೆ ಬಂದರೆ ಆಟ ನಿಲ್ಲುವುದು, ಆಟ ನಿಂತರೂ ಹತ್ತಾರು ಸಂಸಾರಗಳ ಒಲೆಯು ಉರಿಯಲೇಬೇಕು. ಇಂತಹ ಬಾಳಿನಲ್ಲಿ ಅವರಿಗೆ ಅಚ್ಚಳಿಯದ ಕೀರ್ತಿಯನ್ನು ತಂದುದು 'ಜಗಜ್ಯೋತಿ ಬಸವೇಶ್ವರ' ನಾಟಕದ ಬಸವಣ್ಣನವರ ಪಾತ್ರವು. ನಾಟಕದವನೆಂದು ದೂರವಿಡಲ್ಪಡುತ್ತಿದ್ದ ವರ್ಗದ ಒಬ್ಬನಲ್ಲಿ ಜನರು ಅಣ್ಣನವರನ್ನೇ ಕಂಡರು.

ಇದರ ಮಹತ್ತ್ವವನ್ನು ಚರಿತ್ರೆಯಲ್ಲಿಟ್ಟು ನೋಡಬೇಕು. ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಶೋಧಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಇವು ಓದಬಲ್ಲವರ ಭಾಗ್ಯ. ಅಕ್ಷರವನ್ನರಿಯದ ಕೂಲಿಯವನಿಗೂ ಮನೆಯೊಳಗಿನ ತಾಯಂದಿರಿಗೂ ಕಲ್ಯಾಣದ ಕಥೆಯು ಕಣ್ಣಿಗೆ ಕಟ್ಟಿದುದು ಇಂತಹ ರಂಗಭೂಮಿಯಿಂದ. ಅಲ್ಲಿ ಪುಸ್ತಕವು ಸೇರದ ಮನೆಯನ್ನು ಪದವು ಸೇರಿತು.

ಚಲನಚಿತ್ರದ ಪ್ರಭಾವವು ಹೆಚ್ಚಿದಂತೆ ಅನೇಕ ಕಂಪನಿಗಳು ಸೊರಗಿದವು. ಬಾಳಪ್ಪನವರ ಕೀರ್ತಿಯಾದರೋ ಕುಂದಲಿಲ್ಲ. 1994ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯು ಅವರನ್ನು ಪುರಸ್ಕರಿಸಿತು. ನೂರು ಸಂವತ್ಸರಗಳನ್ನು ಮೀರಿ ಬಾಳಿ, 2017ರಲ್ಲಿ ಅವರು ಲಿಂಗೈಕ್ಯರಾದರು.

ಬಾಳಪ್ಪನವರ ಹೆಸರು ಉಳಿಯಿತು. ಆದರೆ ನಮ್ಮ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಪದ ಕಲಿಸಿ ಕಣ್ಮರೆಯಾದ ಮಾಸ್ತರರ ಹೆಸರುಗಳನ್ನು ಬರೆದಿಟ್ಟವರೆಷ್ಟು ಮಂದಿ? ಅವರ ಕೈಬರಹದ ನಾಟಕದ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುವ ಮುನ್ನ ಭಕ್ತರು ಅವನ್ನು ಕೆಳಗಿಳಿಸಿ ಶ್ರೀಮಠದ ಗ್ರಂಥಭಂಡಾರಕ್ಕೆ ಒಪ್ಪಿಸಲಿ. ಕಾಯಕವನ್ನು ಗೌರವಿಸುವುದೆಂದರೆ ಕಾಯಕಜೀವಿಯನ್ನು ಮರೆಯದಿರುವುದೂ ಹೌದು.