ಬೀದರದಲ್ಲಿ ಒಬ್ಬ ಪರದೇಶಿಯ ಕ್ರಿಸ್ತಜಯಂತಿ

ಕಲಬುರ್ಗಿಯ ಐವಾನ್-ಎ-ಶಾಹಿಯು ಹೈದರಾಬಾದಿನ ನಿಜಾಮರು ಈ ನಗರಕ್ಕೆ ಬಂದಾಗ ಇಳಿದುಕೊಳ್ಳುತ್ತಿದ್ದ ಭವನ; ಈಗ ಸರಕಾರದ ಅತಿಥಿಗೃಹವಾಗಿದೆ. ಅರಸರಿಗೆ ಬಿಡಾರ ದೊರೆಯುವುದರಲ್ಲಿ ಸೋಜಿಗವೇನೂ ಇಲ್ಲ. ಆದರೆ ನಿಜಾಮರ ಕಾಲಕ್ಕೂ ಎಷ್ಟೋ ಮುಂಚೆ, ಪರಿವಾರವಿಲ್ಲದೆ ಒಂದು ಕುದುರೆಯನ್ನು ಮಾತ್ರ ಹಿಡಿದುಕೊಂಡು ಬಂದ ದೂರದೇಶದ ವರ್ತಕನೊಬ್ಬನಿಗೆ ಈ ಸೀಮೆಯವರು ಹೇಗೆ ಬಾಗಿಲು ತೆರೆದರೆಂಬುದು ವಾಚಕರು ತಿಳಿಯತಕ್ಕ ಸಂಗತಿ.

ಆತನು ರಶಿಯಾ ದೇಶದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಪರ್ಷಿಯಾವನ್ನು ಹಾದು, ಹೊರ್ಮುಜಿನಲ್ಲಿ ಹಡಗು ಹತ್ತಿ, ಚೌಲ್ ರೇವಿನಲ್ಲಿಳಿದು ಬಹಮನೀ ರಾಜ್ಯವನ್ನು ಹೊಕ್ಕನು. ಆ ವೇಳೆಗೆ ರಾಜಧಾನಿಯು ಕಲಬುರ್ಗಿಯಿಂದ ಬೀದರಕ್ಕೆ ಹೋಗಿ ಬಹುಕಾಲವಾಗಿದ್ದಿತು. ಮೂರನೆಯ ಮುಹಮ್ಮದ್ ಶಹನು ಸುಲ್ತಾನನು, ಮಹಮೂದ್ ಗವಾನನು ಮಂತ್ರಿ. ವೋಲ್ಗಾ ನದಿಯ ದಾರಿಯಲ್ಲಿಯೇ ಸುಲಿಗೆಗಾರರು ನಿಕಿತಿನನ ಸರಕನ್ನೂ ಧರ್ಮಪುಸ್ತಕಗಳನ್ನೂ ದೋಚಿದ್ದರು. ಸರಕಿಗಿಂತಲೂ ಪುಸ್ತಕಗಳಿಗಾಗಿಯೇ ಆತನು ಹೆಚ್ಚು ಹಲುಬಿದನೆಂದು ನನಗೆ ತೋರುತ್ತದೆ. ಏಕೆಂದರೆ ವ್ರತಗಳ ದಿನವನ್ನು ಗೊತ್ತುಮಾಡುವ ಉಪಾಯವೇ ತಪ್ಪಿಹೋಯಿತು. ಪಂಚಾಂಗವಿಲ್ಲದ ಊರಿನಲ್ಲಿ ಏಕಾದಶಿಯನ್ನು ಹುಡುಕುವವನ ಪಾಡು ನಮಗೂ ಊಹ್ಯವೇ. ಋತುಗಳೂ ಆತನಿಗೆ ತಲೆಕೆಳಗಾಗಿ ಕಂಡುವು: ನಮ್ಮ ನಾಲ್ಕು ತಿಂಗಳ ಮಳೆಯನ್ನು ಚಳಿಗಾಲವೆಂದೂ ಅಕ್ಟೋಬರಿನಿಂದ ವಸಂತವೆಂದೂ ಬರೆದಿದ್ದಾನೆ.

ಜುನ್ನರಿನಲ್ಲಿ ಅಸದ್ ಖಾನನೆಂಬ ಅಧಿಕಾರಿಯು ಕುದುರೆಯನ್ನು ಕಸಿದುಕೊಂಡು, ಮತಾಂತರವಾದರೆ ಕುದುರೆಯೊಡನೆ ಸಾವಿರ ಹೊನ್ನನ್ನೂ ಕೊಡುವೆನೆಂದನು. ಖುರಾಸಾನಿನ ಖ್ವಾಜಾ ಮುಹಮ್ಮದನು ನಡುವೆ ಬಂದು ಆತನನ್ನೂ ಕುದುರೆಯನ್ನೂ ಬಿಡಿಸಿದನು. ಆಮೇಲೆ ನಿಕಿತಿನನು ಕ್ರಿಸ್ತಜಯಂತಿಗೆ ನಾಲ್ವತ್ತು ದಿನ ಮುಂಚೆ ತೊಡಗುವ ಉಪವಾಸದ ಹೊತ್ತಿಗೆ ಬೀದರದಲ್ಲಿದ್ದನು. ಜಯಂತಿಯ ಸಮಯಕ್ಕೆ ಕುದುರೆಯನ್ನು ಮಾರಿದನು. ಹಬ್ಬದ ವಿಷಯವಾಗಿ ಆತನ ಬರಹದಲ್ಲಿ ಇಷ್ಟೇ ಇದೆ. ದೇವಾಲಯವಿಲ್ಲ, ಗುರುವಿಲ್ಲ, ಸ್ವಮತದ ಬಂಧುವಿಲ್ಲ. ವರ್ಷವಿಡೀ ಮೇವು ಹಾಕಿದ ಪ್ರಾಣಿಯೂ ಕೈಬಿಟ್ಟಿತು.

ಆದರೆ ಆ ಚಳಿಗಾಲದಲ್ಲಿಯೇ ಬೇರೊಂದು ಸಂಗತಿ ನಡೆಯಿತು. ಈ ನಾಡಿನಲ್ಲಿ ಆತನು ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಿಂದ ಓಡಾಡುತ್ತಿದ್ದನು. ಅನ್ಯಮತದವರ ದೃಷ್ಟಿ ಬಿದ್ದ ಅನ್ನವನ್ನು ಹಿಂದುಗಳು ಉಣ್ಣುತ್ತಿರಲಿಲ್ಲವಾದುದರಿಂದ ಅವರ ಮನೆಯ ಒಳಗು ಆತನಿಗೆ ಮರೆಯಾಗಿದ್ದಿತು. ಬೀದರದಲ್ಲಿ ಅನೇಕ ಹಿಂದುಗಳ ಪರಿಚಯವಾದಾಗ ತಾನು ಮುಸಲ್ಮಾನನಲ್ಲ, ಕ್ರೈಸ್ತನು, ತನ್ನ ಹೆಸರು ಅಫನಾಸಿ ಎಂದು ಹೇಳಿಕೊಂಡನು. ಆ ಬಳಿಕ ಅವರು ಊಟವನ್ನಾಗಲಿ ವ್ಯಾಪಾರವನ್ನಾಗಲಿ ಪೂಜೆಯನ್ನಾಗಲಿ ಆತನಿಂದ ಮುಚ್ಚಿಡಲಿಲ್ಲ; ಹೆಂಗಸರನ್ನೂ ಮರೆಮಾಡಲಿಲ್ಲ. ಅನ್ನ, ತುಪ್ಪ ಹಾಕಿದ ಕಿಚಡಿ, ಹಾಲಿನಲ್ಲಿ ಬೇಯಿಸಿದ ಸೊಪ್ಪು, ಬಲಗೈಯಿಂದಲೇ ಉಣ್ಣುವ ಪದ್ಧತಿ, ಎಲ್ಲವನ್ನೂ ಬರೆದಿಟ್ಟನು. ಖಾನನು ಸಾವಿರ ಹೊನ್ನಿನಿಂದ ಮಾಡಲಾಗದ ಕೆಲಸವನ್ನು ಒಂದು ನಿಜವಾದ ಹೆಸರು ಮಾಡಿತು.

ಅವರ ಸ್ನೇಹವು ಅಲ್ಲಿಗೆ ನಿಲ್ಲಲಿಲ್ಲ. ಶಿವರಾತ್ರಿಗೆಂದು ಅವರು ಪರ್ವತಕ್ಕೆ, ಎಂದರೆ ಶ್ರೀಶೈಲಕ್ಕೆ, ಹೊರಟಾಗ ಆತನೂ ಜೊತೆಗೆ ನಡೆದನು. ಹಿಂದುಗಳಿಗೆ ಇದೇ ಜೆರುಸಲೇಮ್ ಎಂದು ಬರೆದನು. ತನ್ನ ಹಬ್ಬಗಳನ್ನು ಕಳೆದುಕೊಂಡವನು ಪರರ ಹಬ್ಬವನ್ನು ತನ್ನ ಪುಣ್ಯಕ್ಷೇತ್ರದ ಹೆಸರಿನಿಂದ ಅಳೆದನು.

ನಮ್ಮ ಜಿಲ್ಲೆಯ ಆಳಂದವನ್ನೂ ಆತನು ಮರೆತಿಲ್ಲ. ಶೇಖ್ ಅಲಾವುದ್ದೀನರ ಹೆಸರಿನ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವಂತೆ. (ವರ್ತಕರ ಲೆಕ್ಕ, ತುಸು ಕಡಿಮೆಮಾಡಿಕೊಂಡು ಓದಬಹುದು.) ಅಲ್ಲಿ 'ಗುಕುಕ್' ಎಂಬ ಹಕ್ಕಿಯು ರಾತ್ರಿ ಕೂಗುವುದೆಂದೂ, ಅದು ಕುಳಿತ ಮನೆಯಲ್ಲಿ ಸಾವಾಗುವುದೆಂದೂ ಹೇಳಿದ್ದಾನೆ. ನಮ್ಮ ಗೂಗೆಯಲ್ಲದೆ ಮತ್ತಾವುದು? ಮನೆಯೊಳಗೆ ಕುಳಿತು ಹಿರಿಯರ ಬಾಯಿಂದ ಕೇಳಿದ ಮಾತಿನಂತಿದೆ ಇದು.

ಮರಳುವಾಗ ಕಲಬುರ್ಗಿ, ಆಳಂದಗಳ ಮಾರ್ಗವಾಗಿ ದಾಭೋಳಕ್ಕೆ ಹೋಗಿ ಹಡಗು ಹತ್ತಿದನು. ತನ್ನೂರನ್ನು ಮುಟ್ಟಲಿಲ್ಲ, ಸ್ಮೊಲೆನ್ಸ್ಕ್ ಪಟ್ಟಣವು ಇನ್ನೂ ಮುಂದಿರುವಾಗಲೇ ತೀರಿಕೊಂಡನು. ಆತನ ಸ್ವಹಸ್ತದ ಹೊತ್ತಗೆಗಳನ್ನು ವರ್ತಕರು ಮಾಸ್ಕೋವಿಗೆ ಒಯ್ದು, ಅರಸನ ಕಾರ್ಯದರ್ಶಿಯಾದ ವಸೀಲಿ ಮಾಮಿರೆವನಿಗೆ ಒಪ್ಪಿಸಿದರು.